ಓದುಗರ ಪ್ರಶ್ನೆ: ನಮ್ಮ ಓಣಿ ಊರಿಗೆಲ್ಲಾ ಬೈಪಾಸ್ ಆಗೈತ್ರಿ, ಏನ್ ಮಾಡೂದು?

ಪ್ರಶ್ನೆ: ಸರ್, ನಮ್ದು ಬಳ್ಳಾರಿ, ಸಂಗನಕಲ್ಲು ರೋಡಿನ ಕಡೆ ಒಂದು ಬಡಾವಣೆ, ಹೆಸರು ಹಾಕಬ್ಯಾಡ್ರಿ. ಮೇನ್ ರೋಡಿನ್ಯಾಗ ಜಾಮ್ ಆದ್ರ ಸಾಕು, ಬೈಕು ಆಟೋ ಸ್ಕೂಲ್ ವ್ಯಾನು ಕಾರು ಎಲ್ಲಾ ನಮ್ಮ ಕ್ರಾಸಿಗೇ ನುಗ್ತಾವು, ಬೆಳಿಗ್ಗೆ ಎಂಟೂವರೆಯಿಂದ ಹತ್ತರ ತನಕ ಮನಿಯಿಂದ ಹೊರಗ ಕಾಲಿಡಾಕ ಆಗಂಗಿಲ್ಲ. ನೀರು ಬಿಡೋ ದಿನ ಅಂತೂ ಕೇಳಬ್ಯಾಡ್ರಿ, ಎದುರುಮನಿ ನಲ್ಲಿಯಿಂದ ನಾವು ಪೈಪ್ ಎಳಕೊಂಡಿರ್ತೀವಿ, ಅದರ ಮ್ಯಾಲೇ ಹತ್ತಿಸಿಕೊಂಡು ಹೋಗ್ತಾರ, ಪೈಪ್ ಕಿತ್ತು ನೀರೆಲ್ಲಾ ರೋಡಿಗೆ, ಕೇಳಿದ್ರ "ರೋಡೇನು ನಿಮ್ಮಪ್ಪಂದಾ" ಅಂತಾರ. ಹೋದ ವಾರ ನಮ್ಮ ಮನಿಯವ್ರು, ಪಕ್ಕದ ಮನಿಯವ್ರು ಸೇರಿ ಎರಡು ಕಲ್ಲು, ಒಂದು ಮುರುಕು ಮಂಚ ಅಡ್ಡ ಇಟ್ರು, ಸಂಜೀಗೆ ದೊಡ್ಡ ಜಗಳಾಗಿ ಪೊಲೀಸ್ರು ಬಂದು ತೆಗೆಸಿದ್ರು. ಈಗ ಎಲ್ರೂ ರೊಕ್ಕ ಹಾಕಿ ಕಬ್ಬಿಣದ ಗೇಟ್ ಹಾಕಿಸೋಣ ಅಂತಾರ. ಹಾಕಿಸಬಹುದಾ?
– ಒಬ್ಬ ಗೃಹಿಣಿ, ಬಳ್ಳಾರಿ

ಉತ್ತರ: ಗೇಟ್ ಬ್ಯಾಡ್ರಿ ಅಕ್ಕಾರ, ರೊಕ್ಕ ದಂಡ. ಬಡಾವಣೆ ಕಾರ್ಪೊರೇಷನ್‌ಗೆ ಹಸ್ತಾಂತರ ಆಗಿದ್ರೆ ಆ ರೋಡು ಸಾರ್ವಜನಿಕರದ್ದು, ಅದಕ್ಕೆ ಅಡ್ಡ ಏನೇ ಕಟ್ಟಿದ್ರೂ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ ಕಮಿಷನರ್ ನೋಟಿಸ್ ಸೈತ ಕೊಡದೆ ಕಿತ್ತು ಹಾಕಿಸಬಹುದು. ಅದೂ ಅಲ್ದೆ ರಾತ್ರಿ ನಿಮ್ಮ ಮನೀಗೇ ಆಂಬುಲೆನ್ಸ್ ಬರ್ಬೇಕಾದ್ರೆ ಗೇಟಿನ ಕೀಲಿ ಯಾರ ಮನ್ಯಾಗೈತಿ ಅಂತ ಹುಡುಕ್ತಾ ನಿಲ್ತೀರಿ.

ನಿಮ್ಮ ಸಿಟ್ಟು ತಪ್ಪಲ್ಲ, ಕೇಳೋ ಪರಿಹಾರ ಬೇರೆ ಆಗ್ಬೇಕು ಅಷ್ಟೇ. ಜನ ನಿಮ್ಮ ಓಣಿಗೆ ಯಾಕೆ ಬರ್ತಾರ, ಮೇನ್ ರೋಡಿಗಿಂತ ಎರಡು ನಿಮಿಷ ಬೇಗ ಆಗ್ತೈತಿ ಅಂತ. ಮೊದ್ಲು ಈ ಒಳದಾರಿ ಆಜುಬಾಜು ಇರೋರಿಗಷ್ಟೇ ಗೊತ್ತಿರ್ತಿತ್ತು, ಸುಧಾ ಕ್ರಾಸ್ ಕಡೆ ರೈಲ್ವೆ ಗೇಟ್ ಬಿದ್ರೆ ಎಲ್ಲಿಂದ ಸುತ್ತಿ ಹೋಗ್ಬೇಕು ಅನ್ನೋದು ಹಳೇ ಆಟೋದವ್ರ ತಲ್ಯಾಗಿನ ಗುಟ್ಟು. ಈಗ ಫೋನೇ ಹೇಳ್ತೈತಿ. ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರ್‌ನಲ್ಲಿ ನಮ್ಮ ದೇಶಕ್ಕಂತಲೇ ಬೈಕಿನವರ ದಾರಿ ಬೇರೆ ತೋರಿಸೋದು ಶುರು ಮಾಡ್ತು, ಕಾರು ಹೋಗದ ಸಂದಿಗೊಂದಿನೂ ಅದ್ರಾಗ ಬರ್ತಾವು. ಹಂಗಾಗಿ ಒಬ್ಬೊಬ್ಬರನ್ನೇ ನಿಲ್ಲಿಸಿ ಬೈಯೋದ್ರಿಂದ ಏನೂ ಆಗಲ್ಲ, ಇವತ್ತು ಬೈಸಿಕೊಂಡವ್ನು ನಾಳೆ ಬರ್ಲಿಕ್ಕಿಲ್ಲ, ಅವನ ಬದ್ಲಿ ಇನ್ನಿಬ್ರು ಬರ್ತಾರ. ಆ ಎರಡು ನಿಮಿಷದ ಲಾಭ ಹೋಗ್ಬೇಕು, ಅಂದ್ರೆ ಒಳಗ ಬಂದ ಗಾಡಿ ಆ ಕಡೆಯಿಂದ ಹೊರಗ ಬೀಳಬಾರದು, ಬಂದ ಕಡೆಗೇ ತಿರುಗಿ ಹೋಗೋ ಹಂಗಿರ್ಬೇಕು. ನಿಮ್ಮ ಮನೀಗೆ ಬರೋರು ಬರ್ತಾರ, ಹಾಲಿನವ್ನು ಬರ್ತಾನ, ಗ್ಯಾಸ್ ಗಾಡಿ ಬರ್ತೈತಿ, ದಾಟಿ ಹೋಗೋರಿಗೆ ಮಾತ್ರ ಉಪಯೋಗ ಇಲ್ಲ. ಅಮೆರಿಕದ ಬರ್ಕ್ಲಿ ಊರಾಗ 1970ರ ದಶಕದಲ್ಲೇ ನಾಲ್ಕು ದಾರಿ ಕೂಡೋ ಕಡೆ ಮೂಲೆಯಿಂದ ಮೂಲೆಗೆ ಗಿಡದ ಕುಂಡ, ಗೂಟ ಹಾಕಿ ಇದನ್ನ ಮಾಡಿದ್ರು, ನೇರ ಹೋಗಂಗಿಲ್ಲ, ತಿರುಗಲೇಬೇಕು. ನಮ್ಮಲ್ಲಿ ಕಾರು ಟಾಟಾ ಏಸು ಇದಕ್ಕೆ ಬಗ್ತಾವು, ಬೈಕು ಬಗ್ಗಲ್ಲ, ಎರಡು ಗೂಟದ ನಡುವೆ ಹ್ಯಾಂಡಲ್ ತೂರಿದ್ರೆ ಮುಗೀತು. ಬೈಕಿಗೆ ಸ್ಪೀಡ್ ತಗ್ಗಿಸೋದೊಂದೇ ದಾರಿ.

ಇದನ್ನ ಮಾಡೋ ಅಧಿಕಾರ ನಿಮಗಿಲ್ಲ, ಕೇಳೋ ಅಧಿಕಾರ ಐತಿ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ನೋಡ್ರಿ, ಜನರ ಸುರಕ್ಷತೆ, ಅನುಕೂಲ, ರಸ್ತೆ ಇರೋ ರೀತಿ ನೋಡಿ ಯಾವ ರಸ್ತ್ಯಾಗ ಯಾವ ಗಾಡಿ ಬೇಡ ಅಂತ ನಿರ್ಬಂಧ ಹಾಕಬಹುದು, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಎಸ್‌ಪಿಯವರ ವರದಿ ಮೇಲೆ ಡಿಸಿಯವರು ಆದೇಶ ಮಾಡ್ತಾರ. ಅದೇ ಕಲಮಿನ್ಯಾಗ ಒಂದು ಮಾತೈತಿ, ನನ್ನ ಕೇಳಿದ್ರೆ ನಿಮಗೆ ಬೇಕಾಗಿರೋದೇ ಅದು: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದ್ರೆ ಸಾಕು. "ಕಾಯಂ ಬಂದ್ ಮಾಡ್ರಿ" ಅಂತ ಅರ್ಜಿ ಕೊಟ್ರೆ ಫೈಲು ಟೇಬಲ್‌ನಿಂದ ಟೇಬಲ್‌ಗೆ ತಿರುಗ್ತಾ ಇರ್ತೈತಿ. "ಬೆಳಿಗ್ಗೆ ಎಂಟರಿಂದ ಹತ್ತೂವರೆ, ಒಂದು ತಿಂಗಳು, ಏಕಮುಖ ಮಾಡಿ ನೋಡ್ರಿ, ಸರಿ ಹೋಗದಿದ್ರೆ ತೆಗೀರಿ" ಅಂತ ಕೇಳ್ರಿ, ಯಾವ ಸಾಹೇಬ್ರಿಗೂ ಹೂಂ ಅನ್ನೋದು ಸಲೀಸು.

ಅರ್ಜಿ ಜೊತೆ ಲೆಕ್ಕ ಇರ್ಬೇಕು, ಬರೀ ಗೋಳು ನಡೆಯಲ್ಲ. ಓಣಿಯ ಎರಡೂ ತುದ್ಯಾಗ ಒಬ್ಬೊಬ್ಬರು ಕುರ್ಚಿ ಹಾಕ್ಕೊಂಡು ಕೂಡ್ರಿ, ಕಾಲೇಜು ಹುಡುಗರಿದ್ರೆ ಅವರನ್ನೇ ಕೂಡ್ಸಿ, ಬಂದ ಗಾಡಿ ನಂಬರಿನ ಕಡೇ ನಾಲ್ಕು ಅಂಕಿ, ಟೈಮು, ಅಷ್ಟೇ ಬರ್ಕೊಳ್ಳಿ. ಈ ತುದ್ಯಾಗ 8.41ಕ್ಕೆ ಕಂಡ ನಂಬರ್ ಆ ತುದ್ಯಾಗ 8.43ಕ್ಕೆ ಕಂಡ್ರೆ ಅದು ದಾಟಿ ಹೋದ ಗಾಡಿ, ಕಾಣದಿದ್ರೆ ನಿಮ್ಮ ಓಣೀದೇ. ಇದನ್ನ ಮಾಡಿದ್ಮೇಲೆ ಸ್ವಲ್ಪ ಮುಜುಗರನೂ ಆಗಬಹುದು, ರೊಯ್ಯಂತ ಹೋಗೋರಲ್ಲಿ ನಮ್ಮ ಬಡಾವಣೆ ಹುಡುಗರೇ ಎಷ್ಟು ಮಂದಿ ಅದಾರ ಅಂತ ಆವಾಗ ಗೊತ್ತಾಗ್ತೈತಿ. ಟ್ಯೂಷನ್‌ಗೆ ಸ್ಕೂಟಿ ಕೊಟ್ಟು ಕಳಿಸೋ ತಂದೆತಾಯಿಗೆ ಇದನ್ನೂ ಹೇಳ್ರಿ: 2019ರ ತಿದ್ದುಪಡಿ ಆದ್ಮೇಲೆ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು.

ಇನ್ನೊಂದು, ನಿಮ್ಮ ಕ್ರಾಸ್ ಒಂದನ್ನೇ ಕೇಳಬ್ಯಾಡ್ರಿ. ಮೂರನೇ ಕ್ರಾಸ್ ಮುಚ್ಚಿದ್ರೆ ನಾಲ್ಕನೇ ಕ್ರಾಸಿನೋರು ಮುಂದಿನ ತಿಂಗಳು ನನಗೇ ಪತ್ರ ಬರೀತಾರ. ಇಡೀ ಬಡಾವಣೆ ನಕ್ಷೆ ಒಂದು ಹಾಳೆಮ್ಯಾಲ ಬರೆದು, ಎಲ್ಲಾ ಕ್ರಾಸಿನೋರ ಸಹಿ ಹಾಕಿಸಿ, ಒಂದು ಪ್ರತಿ ಕಾರ್ಪೊರೇಷನ್‌ಗೆ, ಒಂದು ಟ್ರಾಫಿಕ್ ಠಾಣೆಗೆ, ಒಂದು ಡಿಸಿ ಕಚೇರಿಗೆ, ಮೂರೂ ಕಡೆ ಟಪಾಲಿನ್ಯಾಗ ಕೊಟ್ಟು ಸೀಲು ಹಾಕಿಸ್ಕೊಳ್ರಿ. ಮತ್ತ ಪೈಪಿನ ವಿಷ್ಯ, ಅದನ್ನ ರೋಡಿಗೆ ಅಡ್ಡ ಎಳೆಯೋದು ನಿಮ್ಮದೂ ಸರಿ ಅಲ್ಲ ಬಿಡ್ರಿ, ಸ್ಕೂಟರ್ ಮ್ಯಾಲಿನ ಮುದುಕ್ರು ಯಾರಾದ್ರೂ ಜಾರಿ ಬಿದ್ರೆ ಇಡೀ ಅರ್ಜಿ ಉಲ್ಟಾ ಹೊಡೀತೈತಿ.

ಪ್ರಶ್ನೆ: ನಾನು ರಾಯಚೂರಿನ್ಯಾಗ ಡೆಲಿವರಿ ಕೆಲಸ ಮಾಡ್ತೀನಿ. ಒಂದು ಕಾಲೋನಿಯೋರು "ಇಲ್ಲಿಯ ನಿವಾಸಿಗಳಿಗೆ ಮಾತ್ರ" ಅಂತ ಬೋರ್ಡ್ ಹಾಕ್ಯಾರ, ಹೋದ್ರ ಕೈ ಅಡ್ಡ ಹಿಡಿದು ನಿಲ್ಲಿಸ್ತಾರ. ನಮ್ಮ ಹೊಟ್ಟೆಪಾಡು ಟೈಮಿನ ಮ್ಯಾಲ ಐತಿ. ಹಾರ್ನ್ ಎರಡು ನಿಮಿಷ ಕೇಳಿದ್ರ ಅವರದೇನು ಗಂಟು ಹೋಗ್ತೈತಿ?
– ರಾಯಚೂರು ಓದುಗ

ಉತ್ತರ: ತಮ್ಮಾ, ಬೋರ್ಡಿನ ವಿಷ್ಯದಾಗ ನೀನು ಹೇಳೋದು ಸರಿ. ಸಂಬಂಧಪಟ್ಟ ಆದೇಶ ಇಲ್ದೆ ತಾವೇ ಬರೆಸಿದ ಬೋರ್ಡಿಗೆ ಬೆಲೆ ಇಲ್ಲ. ಇದು ನಮ್ಮೂರ ಜಗಳ ಅಷ್ಟೇ ಅಲ್ಲ ನೋಡು, ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಅನ್ನೋ ಸಣ್ಣ ಊರು, ನ್ಯೂಯಾರ್ಕಿಗೆ ಹೋಗೋ ದೊಡ್ಡ ಸೇತುವೆ ಹತ್ರನೇ ಐತಿ, ಆಪ್ ನೋಡ್ಕೊಂಡು ಬರೋ ಗಾಡಿ ತಡೀಲಾರದೆ 2018ರ ಜನವರಿಯಲ್ಲಿ ಸುಮಾರು 60 ಬೀದಿಯಲ್ಲಿ ಬೆಳಿಗ್ಗೆ ಸಂಜೆ ಹೊರಗಿನವರು ಬರಬಾರದು ಅಂತ ಮಾಡ್ತು, ತಪ್ಪಿದ್ರೆ 200 ಡಾಲರ್ ದಂಡ. ಊರಿನೋರಿಗೆ ಹಳದಿ ಟ್ಯಾಗು. ಅದೇ ವರ್ಷ ಆಗಸ್ಟಿನಲ್ಲಿ ಕೋರ್ಟು ಅದನ್ನ ರದ್ದು ಮಾಡ್ತು. ಯಾರು ಬರ್ಬೇಕು ಅಂತ ಆರಿಸೋ ನಿಯಮ ಕೋರ್ಟಿನ ಮುಂದ ನಿಲ್ಲೋದು ಕಷ್ಟ, ಗಾಡಿ ಯಾವ ಕಡೆ ತಿರುಗ್ಬೇಕು ಅನ್ನೋ ನಿಯಮ ನಿಲ್ತೈತಿ.

ಆದ್ರೆ ಗಂಟೇನು ಹೋಗ್ತೈತಿ ಅಂದ್ಯಲ್ಲ, ಹೋಗ್ತೈತಿ. 1960ರ ದಶಕದ ಕೊನೆಗೆ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋ ನಗರ ವಿನ್ಯಾಸದ ಪ್ರೊಫೆಸರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿ ಜನರನ್ನ ಮಾತಾಡಿಸಿ ನೋಡಿದ್ರು. ದಿನಕ್ಕೆ 2,000 ಗಾಡಿ ಹೋಗೋ ಬೀದ್ಯಾಗ ಒಬ್ಬೊಬ್ಬರಿಗೆ ಅದೇ ಬೀದಿಯ ಗೆಳೆಯರು ಸರಾಸರಿ ಮೂರು ಮಂದಿ, 16,000 ಗಾಡಿ ಹೋಗೋ ಬೀದ್ಯಾಗ ಒಬ್ಬರೂ ಪೂರ್ತಿ ಇಲ್ಲ, 0.9. ಕಟ್ಟೆಮ್ಯಾಲ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಎದುರುಮನೀಯವರ ಜೊತೆ ಮಾತಾಡ್ಬೇಕಂದ್ರೆ ನಡುವೆ ಬೈಕಿನ ಸಾಲು ಇರಬಾರದಪ್ಪ. ಪಾರ್ಸಲ್ ಕೊಡಾಕ ಆ ಕಾಲೋನಿಗೇ ಹೋಗೋದಾದ್ರೆ ನಿನ್ನ ಯಾರೂ ತಡೆಯೋ ಹಂಗಿಲ್ಲ, ದಾಟಿ ಹೋಗೋದಾದ್ರೂ ಹೋಗು, 20ರಲ್ಲಿ ಹೋಗು. 40ರಲ್ಲಿ ಹೋದ್ರೆ ಡಿಕ್ಕಿಯ ಜೋರು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಣ್ಣ ಓಣಿ ದಾಟೋದ್ರಾಗ ನಿನಗೆ ಉಳಿಯೋದು ಅರ್ಧ ನಿಮಿಷ. ನಿನ್ನ ಕಂಪನಿಯೋರು ಆ ಅರ್ಧ ನಿಮಿಷಕ್ಕೂ ಲೆಕ್ಕ ಕೇಳ್ತಾರ ಅನ್ನೋದೂ ಗೊತ್ತೈತಿ, ಆ ಜಗಳ ಅವರ ಜೊತೆ ಆಡಬೇಕಾದ್ದು.

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮ ಓಣಿಯವರು ಉಳಿದ ಸಿಮೆಂಟಲ್ಲಿ ನಾವೇ ಹಂಪ್ಸ್ ಹಾಕಿಬಿಡೋಣ ಅಂತಿದಾರೆ. ತಪ್ಪಾ?

ಉತ್ತರ: ತಪ್ಪೇ. ಸಿಮೆಂಟ್ ಉಳಿದಿದ್ರೆ ಕಟ್ಟೆ ಕಟ್ಕೊಳ್ರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಹಂಪ್ಸಿನ ಅಳತೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ಸ್ಪೀಡಿನಲ್ಲಿ ಆರಾಮಾಗಿ ದಾಟೋ ಹಂಗೆ. ನಮ್ಮ ಓಣಿ ಮೇಸ್ತ್ರಿ ಮಾಡೋದು ಒಂದು ಮೊಳ ಅಗಲ, ಅಷ್ಟೇ ಎತ್ತರ, ಬಣ್ಣಾನೂ ಇಲ್ಲ, ಮುಂಚೆ ಬೋರ್ಡೂ ಇಲ್ಲ, ರಾತ್ರಿ ಲೈಟ್ ಹೋದಾಗ ಹಿಂದೆ ಕೂತ ಹೆಂಗಸರು ಎಗರಿ ಬೀಳ್ತಾರ. ಬಿದ್ದವರ ಕಡೆಯೋರು ಕೇಸ್ ಹಾಕಿದ್ರೆ ಹಾಕಿಸಿದ್ಯಾರು ಅಂತ ನಿಮ್ಮ ಬಾಗಿಲಿಗೇ ಬರ್ತಾರ. ನಗರಸಭೆಗೆ ಬರೀರಿ, ಅಳತೆ ಸಮೇತ.

ಪ್ರಶ್ನೆ: ರಾತ್ರಿ ಹನ್ನೊಂದಾದ್ಮೇಲೆ ಟಿಪ್ಪರ್ ನಮ್ಮ ಬೀದಿಯಿಂದಾನೇ ಹೋಗ್ತಾವೆ, ಗೋಡೆ ಅದುರ್ತಾವೆ. ಇದಕ್ಕೂ ಅದೇ 115ಆ?
– ಬಳ್ಳಾರಿಯ ಇನ್ನೊಬ್ಬರು

ಉತ್ತರ: ಅದೇ, ಮತ್ತು ಎಲ್ಲಾದಕ್ಕಿಂತ ಸುಲಭವಾಗಿ ಸಿಗೋದು ಇದೇ, ಭಾರಿ ವಾಹನಕ್ಕೆ ಒಳರಸ್ತೆ ಬೇಡ ಅಂದ್ರೆ ಯಾರೂ ಎದುರು ಮಾತಾಡಲ್ಲ. ಆದೇಶ ಆದ್ಮೇಲೆ 116ನೇ ಕಲಂ ಪ್ರಕಾರ ಬೋರ್ಡ್ ನಿಲ್ಲಿಸಲೇಬೇಕು, ಎಷ್ಟೋ ಕಡೆ ಆದೇಶ ಫೈಲಲ್ಲೇ ಉಳಿಯೋದು ಇಲ್ಲೇ. ಬೋರ್ಡು ಯಾವ ತಿರುವಿನಲ್ಲಿ ಬರ್ಬೇಕು ಅಂತ ಫೋಟೋ ಹಚ್ಚಿ ಅರ್ಜಿ ಕೊಡ್ರಿ, ಲಾರಿ ಒಳಗ ತಿರುಗೋಕೆ ಮುಂಚೆನೇ ಕಾಣೋ ಹಂಗೆ, ತಿರುಗಿದ ಮೇಲೆ ಅಲ್ಲ, ಒಳಗ ಬಂದ ಟಿಪ್ಪರ್‌ನ ರಿವರ್ಸ್ ತೆಗೆಸೋಕೆ ಹೋದ್ರೆ ನಿಮ್ಮ ಕಾಂಪೌಂಡೇ ಹೋಗ್ತೈತಿ.