ಫಾಲೋವರ್ಸ್ ಇದ್ದಾರೆ, ಸಂಪಾದನೆ ಇಲ್ಲ: ಕೆಲಸ ಬಿಡಲೇ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಬರೆಯುತ್ತಿದ್ದೇನೆ. ಹನ್ನೊಂದು ಸಾವಿರ ಫಾಲೋವರ್ಸ್ ಇದ್ದಾರೆ. ಹೊಗಳಿಕೆಗೆ ಕೊರತೆಯಿಲ್ಲ, ಆದರೆ ಬರವಣಿಗೆಯಿಂದ ಇದುವರೆಗೆ ಬಿಡಿಗಾಸೂ ಹುಟ್ಟಿಲ್ಲ. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೇ ಇಳಿಯಬೇಕೆಂದಿದ್ದೇನೆ. ಸರಿಯೇ?

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಬರವಣಿಗೆಯ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ನಾಲ್ಕು ವರ್ಷ ಬಿಡದೆ ಬರೆದವರಿಗೆ ಕೈ ಕುದುರಿರುತ್ತದೆ. ನನ್ನ ಚಿಂತೆ ಆ ಹನ್ನೊಂದು ಸಾವಿರದ ಬಗ್ಗೆ. ಇವತ್ತು ರಾತ್ರಿ ನಿಮ್ಮ ಎರಡೂ ಖಾತೆ ಮುಚ್ಚಿಹೋದವು ಎಂದುಕೊಳ್ಳಿ. ನಾಳೆ ಬೆಳಿಗ್ಗೆ ಅವರಲ್ಲಿ ಎಷ್ಟು ಮಂದಿಗೆ ನೀವಾಗಿ ಸುದ್ದಿ ಮುಟ್ಟಿಸಬಲ್ಲಿರಿ? ಆ ಸಂಖ್ಯೆಯೇ ನಿಮ್ಮ ನಿಜವಾದ ಓದುಗ ಬಳಗ. ಬಹುಶಃ ಮೂವತ್ತೋ ನಲವತ್ತೋ ಇರಬಹುದು. ಉಳಿದವರಿಗೆ ನಿಮ್ಮ ಬರಹ ಕಾಣಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆ ಕಂಪನಿಯ ಅಲ್ಗಾರಿದಮ್.

ಈ ಪಾಠವನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ವೇದಿಕೆಯಲ್ಲಿ ವರ್ಷಗಟ್ಟಲೆ ಬರೆದೆ. ಒಂದು ದಿನ, ಸೇವೆ ನಿಲ್ಲಿಸುತ್ತಿದ್ದೇವೆ ಎಂಬ ಎರಡು ಸಾಲಿನ ನೋಟಿಸ್ ಬಂತು. ಲೇಖನಗಳನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಟನ್ ಇತ್ತು, ಓದುಗರನ್ನು ಕರೆದೊಯ್ಯಲು ಇರಲಿಲ್ಲ. ಪ್ರತಿ ವಾರ ತಪ್ಪದೆ ಬಂದು ನನ್ನ ಒತ್ತಕ್ಷರದ ತಪ್ಪುಗಳನ್ನು ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು. ಅವರ ವಿಳಾಸ ನನ್ನ ಬಳಿ ಇರಲಿಲ್ಲ. ಅವರು ಈಗ ಎಲ್ಲಿದ್ದಾರೋ, ಏನು ಓದುತ್ತಿದ್ದಾರೋ, ನನಗೆ ತಿಳಿಯದು.

ದೊಡ್ಡ ಕಂಪನಿಗಳ ಸೇವೆಯೂ ಹೀಗೆ ನಿಲ್ಲುತ್ತದೆ. ಚಂದಾದಾರರಿಗೆ ಇಮೇಲ್‌ನಲ್ಲಿ ಪತ್ರ (ನ್ಯೂಸ್‌ಲೆಟರ್) ಕಳಿಸಲು ನೆರವಾಗುತ್ತಿದ್ದ ರೆವ್ಯೂ ಎಂಬ ಸೇವೆಯನ್ನು ಟ್ವಿಟರ್ 2021ರಲ್ಲಿ ಕೊಂಡು, 2023ರ ಜನವರಿಯಲ್ಲಿ ಮುಚ್ಚಿತು. ಆದರೆ ಅಲ್ಲಿ ಬರೆಯುತ್ತಿದ್ದವರು ಚಂದಾದಾರರ ಇಮೇಲ್ ಪಟ್ಟಿ ಇಳಿಸಿಕೊಂಡು ಬೇರೆ ಕಡೆ ಹೋಗಬಹುದಿತ್ತು. ಪಟ್ಟಿ ಇಟ್ಟುಕೊಂಡವರಿಗೆ ಮನೆ ಬದಲಿಸಿದಷ್ಟೇ ತ್ರಾಸ. ಇಮೇಲ್‌ಗೆ ಒಬ್ಬ ಮಾಲೀಕನಿಲ್ಲ. ಅದಕ್ಕೇ ಅದು ಹಳೆಯದಾದರೂ ಬರಹಗಾರರಿಗೆ ಇವತ್ತಿಗೂ ಗಟ್ಟಿ ನೆಲ.

ಹಾಗಾಗಿ ಮುಂದಿನ ಆರು ತಿಂಗಳು ಒಂದೇ ಕೆಲಸ: ಫಾಲೋವರ್ಸ್‌ಗಳನ್ನು ಇಮೇಲ್ ಪಟ್ಟಿಗೆ ಕರೆತನ್ನಿ. 'ಸಬ್‌ಸ್ಕ್ರೈಬ್ ಮಾಡಿ' ಎಂದು ಬರೆದು ಕೂತರೆ ಯಾರೂ ಬರುವುದಿಲ್ಲ. ಜನ ಅತಿ ಹೆಚ್ಚು ಹಂಚಿಕೊಂಡ ನಿಮ್ಮ ಬರಹ ಯಾವುದು ನೋಡಿ. ಅದರ ಮುಂದುವರಿದ ಭಾಗವನ್ನು ಇಮೇಲ್‌ನಲ್ಲಿ ಮಾತ್ರ ಕಳಿಸುತ್ತೇನೆ ಎಂದು ಹೇಳಿ, ಹೇಳಿದ ದಿನವೇ ಕಳಿಸಿ. ಪತ್ರದ ಶೀರ್ಷಿಕೆಯ ಮೇಲೂ ನಿಗಾ ಇರಲಿ. 'ವಾರದ ಪತ್ರ 14' ಎಂದಿದ್ದರೆ ಇನ್‌ಬಾಕ್ಸ್‌ನಲ್ಲಿ ಅದು ವಿದ್ಯುತ್ ಬಿಲ್ಲಿನ ಪಕ್ಕದ ಇನ್ನೊಂದು ಬಿಲ್ಲು. 'ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕ ಚೀಟಿ' ಎಂದಿದ್ದರೆ ಬೆರಳು ತಾನಾಗಿ ಒತ್ತುತ್ತದೆ. ಪಟ್ಟಿಗೆ ಹೊಸದಾಗಿ ಸೇರಿದವರಿಗೆ ಹೋಗುವ ಮೊದಲ ಪತ್ರದ ಕೊನೆಗೆ ಒಂದು ಸಣ್ಣ ಪ್ರಶ್ನೆ ಕೇಳಿ: ಈಚೆಗೆ ನಿಮ್ಮನ್ನು ಕಾಡಿದ್ದು ಏನು? ನೂರರಲ್ಲಿ ನಾಲ್ಕು ಜನ ಉತ್ತರಿಸಿದರೂ ಆ ನಾಲ್ಕು ಉತ್ತರಗಳು ಸಾವಿರ ಲೈಕಿಗಿಂತ ಹೆಚ್ಚು ಕಲಿಸುತ್ತವೆ. ಅವರಿಗೆಲ್ಲ ನೀವೇ ಕೂತು ಮರುಪತ್ರ ಬರೆಯಿರಿ.

ಇನ್ನು ದುಡ್ಡಿನ ಮಾತು. ಅಮೆರಿಕದ ಬರಹಗಾರ ಕೆವಿನ್ ಕೆಲ್ಲಿ 2008ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಸಾವಿರ ನಿಜವಾದ ಅಭಿಮಾನಿಗಳು ವರ್ಷಕ್ಕೆ ತಲಾ 100 ಡಾಲರ್ ಕೊಟ್ಟರೆ ಒಬ್ಬ ಸೃಜನಶೀಲನ ಬದುಕು ನಡೆಯುತ್ತದೆ. ಸಾವಿರದ ಸಂಖ್ಯೆ ಎಲ್ಲರ ಬಾಯಲ್ಲೂ ಉಳಿಯಿತು, ಅವರು ಹಾಕಿದ್ದ ಷರತ್ತು ಮರೆತುಹೋಯಿತು. ಆ ಸಾವಿರ ಜನರೊಂದಿಗೆ ನಿಮಗೆ ನೇರ ಸಂಬಂಧ ಇರಬೇಕು, ಅವರು ಕೊಡುವುದು ನೇರವಾಗಿ ನಿಮಗೇ ಬರಬೇಕು. ನಡುವೆ ಕೂತವರು ಹೆಚ್ಚಿದಷ್ಟೂ ಸಾವಿರ ಸಾಲದಾಗುತ್ತದೆ.

ಸಬ್‌ಸ್ಟ್ಯಾಕ್‌ನಂಥ ನ್ಯೂಸ್‌ಲೆಟರ್ ಸೇವೆ ಪಾವತಿ ಚಂದಾದಲ್ಲಿ ಶೇ 10 ಮುರಿದುಕೊಳ್ಳುತ್ತದೆ, ಪಾವತಿ ಸಂಸ್ಥೆಯ ಶುಲ್ಕ ಬೇರೆ. ಹೊಸಬರು ಗಮನಿಸದ ಒಂದು ವಿಷಯವಿದೆ. ಆ ಶುಲ್ಕದಲ್ಲಿ ಸಾಮಾನ್ಯವಾಗಿ ಪ್ರತಿ ವಹಿವಾಟಿಗೂ ಒಂದು ನಿಗದಿತ ಮೊತ್ತ ಸೇರಿರುತ್ತದೆ. ಸಣ್ಣ ಮೊತ್ತದ ತಿಂಗಳ ಚಂದಾ ಇಟ್ಟರೆ ಆ ನಿಗದಿತ ಶುಲ್ಕ ವರ್ಷಕ್ಕೆ ಹನ್ನೆರಡು ಸಲ ಕಡಿತವಾಗುತ್ತದೆ, ವಾರ್ಷಿಕ ಚಂದಾದಲ್ಲಿ ಒಂದೇ ಸಲ. ವಾರ್ಷಿಕ ಚಂದಾಕ್ಕೆ ರಿಯಾಯಿತಿ ಕೊಟ್ಟಾದರೂ ಓದುಗರನ್ನು ಆ ಕಡೆ ತಿರುಗಿಸಿ.

ಆದರೆ ಮೊದಲ ಎರಡು ವರ್ಷ ಚಂದಾ ಒಂದನ್ನೇ ನಂಬಬೇಡಿ. ಪಟ್ಟಿಯಲ್ಲಿ ಸಾವಿರ ಜನರಿದ್ದು, ನೂರಕ್ಕೆ ಮೂವರು ದುಡ್ಡು ಕೊಟ್ಟರೆ ಸಿಗುವುದು ಮೂವತ್ತು ಜನ. ಅದರಲ್ಲಿ ಸಂಸಾರ ನಡೆಯದು. ನಾನು ಕಂಡಂತೆ ಬರಹಗಾರರ ಕೈಗೆ ಮೊದಲು ದುಡ್ಡು ಬರುವುದು ಪಕ್ಕದ ದಾರಿಯಿಂದ: ನಿಮ್ಮ ಪತ್ರ ಓದಿದ ಒಬ್ಬರು ತಮ್ಮ ಸಂಸ್ಥೆಗೆ ಬರೆದುಕೊಡಿ ಎನ್ನುತ್ತಾರೆ, ಇನ್ನೊಬ್ಬರು ಅನುವಾದಕ್ಕೆ ಕೇಳುತ್ತಾರೆ, ಮತ್ತೊಬ್ಬರು ಕಾರ್ಯಾಗಾರ ನಡೆಸಿಕೊಡಿ ಎನ್ನುತ್ತಾರೆ. ಇದರಲ್ಲಿ ಸಣ್ಣತನವೇನೂ ಇಲ್ಲ. ಇಂಥ ಕೆಲಸಕ್ಕೆ ಸಿದ್ಧ ಎಂದು ಪ್ರತಿ ಪತ್ರದ ಕೆಳಗೆ ಒಂದು ಸಾಲು ಬರೆದಿಡಿ. ಸಂಕೋಚದಿಂದ ಆ ಒಂದು ಸಾಲು ಬರೆಯದೆ ವರ್ಷಗಳನ್ನು ಕಳೆದುಕೊಂಡವರನ್ನು ನೋಡಿದ್ದೇನೆ, ನೆನೆದರೆ ಸಂಕಟವಾಗುತ್ತದೆ.

ಎಲ್ಲ ದಾರಿಯಿಂದ ಬಂದದ್ದು ಸೇರಿ, ಆರು ತಿಂಗಳು ಸತತವಾಗಿ ನಿಮ್ಮ ಮನೆಖರ್ಚಿನ ಅರ್ಧದಷ್ಟಾದರೆ, ಜೊತೆಗೆ ಒಂದು ವರ್ಷದ ಖರ್ಚು ಕೂಡಿಟ್ಟಿದ್ದರೆ, ಆಗ ರಾಜೀನಾಮೆ ಪತ್ರ ಬರೆಯಿರಿ.

ಪ್ರಶ್ನೆ: ಒಂದು ಜಾಲತಾಣದವರು 'ಸಂಭಾವನೆ ಇಲ್ಲ, ಆದರೆ ನಿಮಗೆ ಹೆಸರು ಬರುತ್ತದೆ' ಎನ್ನುತ್ತಾರೆ. ಬರೆದುಕೊಡಲೇ?

ಉತ್ತರ: ಬರಹದ ಕೆಳಗೆ ನಿಮ್ಮ ಇಮೇಲ್ ಪಟ್ಟಿಯ ಕೊಂಡಿ ಹಾಕುತ್ತಾರೆಯೇ ಕೇಳಿ. ಹಾಕುವುದಾದರೆ ಒಂದೆರಡು ಸಲ ಬರೆಯಬಹುದು, ಹಾಕದಿದ್ದರೆ ಬೇಡ. ಹಕ್ಕಿನ ವಿಚಾರವನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಿರಿ. ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಸಾಮಾನ್ಯವಾಗಿ ಬರೆದವರದ್ದು, ನೋಂದಣಿಯೇ ಬೇಕೆಂದಿಲ್ಲ. ಅದನ್ನು ಕಳೆದುಕೊಳ್ಳುವುದು ಓದದೆ ಹಾಕಿದ ಸಹಿಯಿಂದ. 'ಎಲ್ಲ ಹಕ್ಕುಗಳೂ ಪ್ರಕಾಶಕರವು' ಎಂದಿದ್ದರೆ ಆ ಸಾಲು ಹೊಡೆದು 'ಒಂದು ಬಾರಿ ಪ್ರಕಟಿಸುವ ಹಕ್ಕು' ಎಂದು ತಿದ್ದಿ ಕಳಿಸಿ. ಎಷ್ಟೋ ಸಂಪಾದಕರು ಮರುಮಾತಿಲ್ಲದೆ ಒಪ್ಪುತ್ತಾರೆ.

ಪ್ರಶ್ನೆ: ವಾರಕ್ಕೆ ಎಷ್ಟು ಸಲ ಬರೆಯಬೇಕು?

ಉತ್ತರ: ಜ್ವರ ಬಂದ ವಾರದಲ್ಲೂ ನಿಮಗೆ ಸಾಧ್ಯವಾಗುವಷ್ಟು. ಹೆಚ್ಚಿನವರಿಗೆ ಅದು ಒಂದು ಸಲ. ಎರಡು ಬರಹ ಮೊದಲೇ ಸಿದ್ಧವಿಟ್ಟುಕೊಂಡು ಶುರುಮಾಡಿ.