ಸಮ್ ದಿಬ್ಬಗಳಿಗೆ ಸ್ವೆಟರ್ ಬೇಕೇ?

ತೀರ್ಥಹಳ್ಳಿಯಿಂದ ತಾಯಿಯವರೊಂದಿಗೆ ಡಿಸೆಂಬರಿನಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೀರಿ, ಸಮ್ ಮರಳುದಿಬ್ಬಗಳಲ್ಲಿ ಒಂದು ರಾತ್ರಿ ಟೆಂಟ್. ಮರುಭೂಮಿಗೆ ಸ್ವೆಟರ್ ಏಕೆ ಎಂದು ಕೇಳಿದ್ದೀರಿ. ದಯವಿಟ್ಟು ಒಯ್ಯಿರಿ, ಜೊತೆಗೆ ಕಿವಿ ಮುಚ್ಚುವ ಟೋಪಿ, ಕಾಲುಚೀಲ ಕೂಡ. ಅಲ್ಲಿ ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಇಲ್ಲ. ಹೊತ್ತು ಮುಳುಗಿದೊಡನೆ ಮರಳಿನ ಕಾವು ಇಳಿದು, ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವುದು ಸಾಮಾನ್ಯ.

ನನಗೆ ಹೆಚ್ಚು ಕಾಳಜಿ ನೀರಿನದು. ನಮ್ಮ ಮಲೆನಾಡಿನಲ್ಲಿ ಬೆವರಿದರೆ ಅಂಗಿ ಬೆನ್ನಿಗೆ ಅಂಟಿಕೊಂಡು ನೆನಪಿಸುತ್ತದೆ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಬಾಯಾರುವವರೆಗೆ ಕಾಯದೆ ತಾಯಿಯವರಿಗೆ ಆಗಾಗ ಗುಟುಕು ಗುಟುಕಾಗಿ ಕುಡಿಸಿ. ಓಆರ್‌ಎಸ್ ಪೊಟ್ಟಣಗಳಿರಲಿ. ತುಟಿಗೆ ನಮ್ಮ ಕೊಬ್ಬರಿ ಎಣ್ಣೆಯೇ ಸಾಕು.

ಚಪ್ಪಲಿಗಿಂತ ಶೂ ಮೇಲು. ಮೂಗು ಬಾಯಿ ಮುಚ್ಚಲು ತೆಳು ಹತ್ತಿ ಶಾಲು, ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಆಧಾರ್ ಕಾರ್ಡ್.

ಒಂಟೆ ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ, ಕುಳಿತವರು ಮುಂದಕ್ಕೆ ವಾಲುತ್ತಾರೆ. ಆಗ ಹಿಂದಕ್ಕೆ ಬಾಗಿ ಗಟ್ಟಿಯಾಗಿ ಹಿಡಿಯಬೇಕು. ತಾಯಿಯವರಿಗೆ ಮಂಡಿ ನೋವಿದ್ದರೆ ಮಾರ್ಗದರ್ಶಕರಿಗೆ ಈಗಲೇ ತಿಳಿಸಿ, ಒಂಟೆಗಾಡಿ ಕೇಳಿ.