ಕಾಮಣಿ ತಲೆಗೇರಿ ಹುಳ ಆಗುತ್ತಾ?

"ತಮ್ಮನಿಗೆ ಹೋದ ವರ್ಷ ಕಾಮಣಿ ಆಗಿತ್ತು. ಈಗ ಫಿಟ್ಸ್ ಬಂತು. ಸ್ಕ್ಯಾನ್ ನೋಡಿ ಮಿದುಳಲ್ಲಿ ಹುಳದ ಗಂಟು ಇದೆ ಅಂದರು. ಕಾಮಣಿಯೇ ತಲೆಗೇರಿತಾ?" ಅಂತ ಕೇಳಿದ್ದೀರಿ. ಇಲ್ಲ ರೀ. ಇಂಥ ಕಾಮಣಿ ತರುವುದು ಹೆಚ್ಚಾಗಿ ಲಿವರ್‌ಗೆ ಬಡಿಯುವ ವೈರಸ್. ತಲೆಯಲ್ಲಿರುವುದು ಲಾಡಿಹುಳದ ಮರಿ. ಅದು ಇದಾಗುವುದಿಲ್ಲ.

ಕಲಬುರಗಿಯ ನಮ್ಮ ಮನೆಯಲ್ಲೂ ಇದೇ ಗೊಂದಲ ಆಗಿತ್ತು. ಅಕ್ಕನ ಮಗನಿಗೆ ಫಿಟ್ಸ್ ಬಂದಾಗ ಕೈಗೆ ಕೀಲಿ ಕೊಟ್ಟೆವು, ಉಳ್ಳಾಗಡ್ಡಿ ಮೂಸಿಸಿದೆವು. (ಎರಡೂ ಸುಮ್ನೆ. ಒಂದು ಮಗ್ಗುಲಿಗೆ ಮಲಗಿಸಬೇಕಿತ್ತು.) ಡಾಕ್ಟರು ಲಾಡಿಹುಳ ಅಂದಾಗ ಅಕ್ಕ ಜಗಳಕ್ಕೇ ನಿಂತಳು: "ನಾವು ಮಾಂಸ ಮುಟ್ಟದವರು!"

ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಈ ಹುಳ ಬೆಳೆಯುತ್ತದೆ, ನಿಜ. ಆದರೆ ಅದರ ಮೊಟ್ಟೆ ಅವರ ಮಲದಲ್ಲಿ ಹೊರಬರುತ್ತದೆ. ಅಲ್ಲಿಂದ ಕೊಳಚೆ ನೀರು, ಹೊಲದ ಸೊಪ್ಪು, ತೊಳೆಯದ ಕೈ ಹಿಡಿದು ಯಾರ ಬಾಯಿಗಾದರೂ ಹೋಗಬಹುದು. ಹೊಟ್ಟೆಯಲ್ಲಿ ಮೊಟ್ಟೆ ಒಡೆದು ಮರಿ ರಕ್ತದ ಜೊತೆ ಮಿದುಳು ಸೇರುತ್ತದೆ. ನಾವೋ ರೊಟ್ಟಿ ಜೊತೆ ಹಸಿ ಮೆಂತೆಪಲ್ಲೆ, ಮೂಲಂಗಿ ಕಡಿಯುವವರು, ಅಲ್ವಾ? ಫಿಟ್ಸ್ ಕಾಣಿಸಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಯಾವ ದಿನದ ಪಲ್ಲೆ ಅಂತ ಹುಡುಕಲು ಹೋಗಬೇಡಿ.

ಕಾಮಣಿ ತರುವ ವೈರಸ್‌ಗಳಲ್ಲಿ ಹೆಪಟೈಟಿಸ್ ಎ ಮತ್ತು ಇ ಬರುವುದೂ ಇದೇ ದಾರಿಯಲ್ಲಿ. ಅವು 2ರಿಂದ 10 ವಾರದೊಳಗೆ ಕಾಣಿಸಿಕೊಳ್ಳುತ್ತವೆ, ಅಷ್ಟೇ ವ್ಯತ್ಯಾಸ. ಬಿ ಮತ್ತು ಸಿ ಬೇರೆ. ಅವು ರಕ್ತ, ಸೂಜಿ, ತಾಯಿಯಿಂದ ಮಗುವಿಗೆ ಹೀಗೆ ಬರುತ್ತವೆ.

ಎರಡು ರೋಗಕ್ಕೂ ನಿಜವಾದ ನಂಟು ಇರುವುದು ಔಷಧಿಯಲ್ಲಿ. ಹುಳಕ್ಕೆ ಆಲ್ಬೆಂಡಜೋಲ್ ಅನ್ನುವ ಜಂತುಹುಳದ ಮಾತ್ರೆ ಕೊಡುತ್ತಾರೆ. ಹುಳ ಸಾಯುವಾಗ ಸುತ್ತಲಿನ ಮಿದುಳು ಬಾಯುತ್ತದೆ, ಅದಕ್ಕೆ ಬಾವು ಇಳಿಸುವ ಸ್ಟೆರಾಯ್ಡ್. ಹೆಪಟೈಟಿಸ್ ಬಿ ಒಳಗೇ ಸದ್ದಿಲ್ಲದೆ ಕೂತಿದ್ದರೆ ಸ್ಟೆರಾಯ್ಡ್ ಅದನ್ನು ಎಬ್ಬಿಸಬಹುದು. ಆಲ್ಬೆಂಡಜೋಲ್‌ನಿಂದಲೂ, ವಾಲ್‌ಪ್ರೋಯೇಟ್‌ನಂಥ ಫಿಟ್ಸ್ ಮಾತ್ರೆಯಿಂದಲೂ ಲಿವರ್‌ಗೆ ತೊಂದರೆ ಆಗುವುದುಂಟು. ನಾವು ಅಕ್ಕನ ಮಗನ ಹಳೆ ಕಾಮಣಿ ವಿಷಯ ಹೇಳಿರಲೇ ಇಲ್ಲ. ಮುಗಿದ ಕತೆ ಅಂದುಕೊಂಡಿದ್ದೆವು. ಸ್ಟೆರಾಯ್ಡ್ ಶುರು ಮಾಡುವ ಮುಂಚೆ ಡಾಕ್ಟರೇ ಕೇಳಿದರು, ಬಚಾವಾದೆವು.

ನೀವು ಮೊದಲೇ ಹೇಳಿಬಿಡಿ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಇದೆಯಾ ಅಂತ ನೋಡುವ ರಕ್ತಪರೀಕ್ಷೆ) ಮತ್ತು ಲಿವರ್ ಟೆಸ್ಟ್ ಆಗಿದೆಯಾ ಕೇಳಿ. ಹೋದ ವರ್ಷದ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ. ಹೆದರಿ ಫಿಟ್ಸ್ ಮಾತ್ರೆ ನೀವೇ ನಿಲ್ಲಿಸಬೇಡಿ. ಜಂತುಹುಳದ ಮಾತ್ರೆ ತಾನೇ ಅಂತ ಮೆಡಿಕಲ್ ಅಂಗಡಿಯಿಂದ ತಂದು ನುಂಗಿಸಲೂ ಬೇಡಿ. ಡಾಕ್ಟರ ಕಣ್ಣೆದುರಿಲ್ಲದೆ ಹುಳ ಸತ್ತು ಮಿದುಳು ಬಾತರೆ ಫಿಟ್ಸ್ ಇನ್ನೂ ಜಾಸ್ತಿ ಆದೀತು.